ಕೀಲಿ ಹಿಡಿದವಳ ಸರದಿ

ಒಂದಾನೊಂದು ಕಾರ್ಖಾನೆಯಲ್ಲಿ ಎರಡು ಕಬ್ಬಿಣದ ತೋಳುಗಳಿದ್ದವಂತೆ. ಎರಡನ್ನೂ ನಡೆಸಲು ಒಂದೇ ಕಂಪ್ಯೂಟರು, ಅದು ತೋಳುಗಳ ಜೊತೆ ಮಾತಾಡಲು ಒಂದೇ ತಂತಿ. ತಂತಿಯ ಕೀಲಿ ಯಾವ ಪ್ರೋಗ್ರಾಂ ಬಳಿಯಿದೆಯೋ ಅದರದ್ದೇ ಮಾತು, ಉಳಿದವು ಕಾಯಬೇಕು.

ಒಂದು ದಿನ ಕೆಂಪು ಗುಂಡಿ ಒತ್ತಿದರೂ ಒಂದು ತೋಳು ತಡವಾಗಿ ನಿಂತಿತು. ಯಂತ್ರ ನಡೆಸುವ ಅಕ್ಕನ ಅಂಗಿ ಹರಿದು, ಕೈ ಕೂದಲೆಳೆಯಲ್ಲಿ ಉಳಿಯಿತು.

"ಇನ್ನೊಂದ್ಸಲ ಹೀಗಾಗಲ್ಲ ಅಕ್ಕ. ನೀವು ಕೆಂಪು ಗುಂಡಿ ಒತ್ತಿದ ತಕ್ಷಣ ನಿಲ್ಲುತ್ತೆ, ನನ್ನಾಣೆ!" ಎಂದಿದ್ದಳು ಪ್ರೋಗ್ರಾಂ ಬರೆಯುವ ಹುಡುಗಿ.

ಆದರೆ ಮೀಟಿಂಗಿನಲ್ಲಿ... ಅವನೇ, ಬ್ರೇಕಿನ ಪ್ರೋಗ್ರಾಂ ಬರೆದವನೇ, ಎಲ್ಲರೆದುರು ಹೇಳಿಬಿಟ್ಟ!

"ನನ್ನ ಬ್ರೇಕ್ ಕಾಯ್ತಾ ಇತ್ತು. ಕೀಲಿ ಇವಳ ಪ್ರೋಗ್ರಾಂ ಹತ್ರ ಇತ್ತು..."

"ಸಾಕು!" ಎಂದರು ಮ್ಯಾನೇಜರ್. "ಮೋಟಾರಿನ ಬಿಸಿ ಎಷ್ಟು ಅಂತ ಕಳಿಸೋ ಪುಟ್ಟ ಕೆಲಸಕ್ಕೋಸ್ಕರ ಬ್ರೇಕ್ ಕಾಯೋದಾ? ನಾಳೆಯಿಂದ ಈಕೆ ಬೇಡ."

ಅವಳು ಎದ್ದು ಹೊರಬಂದಳು. ದಿನಾ ಊಟದ ಡಬ್ಬಿ ಹಂಚಿಕೊಂಡವನು... ನನ್ನನ್ನೇ ಸಿಕ್ಕಿಸಿಬಿಟ್ಟನಲ್ಲ!

ಕಣ್ಣೊರೆಸಿಕೊಂಡು ಯಂತ್ರದ ಬಳಿ ಬಂದರೆ, ಅಕ್ಕನ ಪಕ್ಕ ಅವನೂ ಇದ್ದ.

"ಇನ್ನೇನು ಉಳಿದಿದೆಯೋ ಹೇಳೋಕೆ?"

"ಅರ್ಧ ಉಳಿದಿದೆ. ನೀನು ಕೇಳ್ದೆ ಎದ್ದುಹೋದೆ. ಕೀಲಿ ನಿನ್ನ ಕೆಲಸದ ಹತ್ರ ಇತ್ತು, ನಿಜ. ಆದ್ರೆ ಅದನ್ನ ಮುಗಿಯೋಕೆ ಬಿಟ್ಟೋರು ಯಾರು? ಪರದೆ ಮೇಲೆ ಚಿತ್ರ ಬಿಡಿಸೋ ಕೆಲಸಗಳು ನಿನ್ನದಕ್ಕಿಂತ ಅವಸರದವು ಅಂತ ನಡುವೆ ನುಗ್ಗಿ ನುಗ್ಗಿ ಅದನ್ನ ಹಿಂದಕ್ಕೆ ತಳ್ತಾ ಇದ್ವು. ನಿನ್ನದು ಮುಗೀಲಿಲ್ಲ, ನನಗೆ ಕೀಲಿ ಸಿಗಲಿಲ್ಲ."

ಅವಳು ಪರದೆಯತ್ತ ನೋಡಿದಳು. ಈ ಆಫೀಸಿನಲ್ಲಿ ತನ್ನ ಪಾಡೂ ಅದೇ ಅಲ್ಲವೇ?

"ಮತ್ತೆ... ಈಗ?"

"ನನ್ನ ಬ್ರೇಕ್ ಕಾಯೋಷ್ಟು ಹೊತ್ತು ಅದರ ಅವಸರವೆಲ್ಲ ನಿನ್ನ ಕೆಲಸಕ್ಕೆ ಕೊಡೋಣ. ಆಗ ನಿನ್ನ ಮುಂದೆ ಯಾರೂ ನುಗ್ಗಲ್ಲ, ಅದು ಬೇಗ ಮುಗಿದು ಕೀಲಿ ಬಿಡುತ್ತೆ." ಅವನ ದನಿ ಇಳಿಯಿತು. "ಮೀಟಿಂಗಲ್ಲಿ ನಿನ್ನ ತಳ್ಳಿದಾಗ ಬಾಯಿ ಮುಚ್ಕೊಂಡು ಕೂತಿದ್ದೆ. ಆಮೇಲೆ ಮ್ಯಾನೇಜರ್ ಹತ್ರ ಹೋಗಿ ಹೇಳಿ ಬಂದೆ, ಇವಳಿಲ್ಲದೆ ನಾನೂ ಇಲ್ಲ ಅಂತ."

"ಅವರೇನಂದ್ರು?"

"ಮೊದ್ಲು ತೋಳು ನಿಲ್ಲಿಸಿ ತೋರಿಸಿ ಅಂದ್ರು."

"ನಾನಿಲ್ಲದೆ ನೀನಿಲ್ಲ ಅಂದಿದ್ದು... ಕೆಲಸದ ವಿಷಯಾನಾ?"

"ಕೆಲಸದ್ದೂ ಹೌದು..."

"ಅಯ್ಯೋ, ಆಮೇಲೆ ನಾಚ್ಕೊಳ್ಳಿ!" ಅಕ್ಕ ಗದರಿದರು. "ಮೊದ್ಲು ನನ್ನ ಕೈ ಗತಿ ಏನು ನೋಡಿ."

ಅವಳೇ ಕೂತು ತನ್ನ ಪ್ರೋಗ್ರಾಮನ್ನು ತಿದ್ದಿದಳು. ಅವನು ಬೇಕೆಂದೇ ಪರದೆಯ ತುಂಬ ಚಿತ್ರಗಳನ್ನು ಹರಿಯಬಿಟ್ಟ. ತೋಳಿನ ಕೆಳಗೆ, ಕೈಯ ಬದಲು, ಖಾಲಿ ರಟ್ಟಿನ ಪೆಟ್ಟಿಗೆ. ತೋಳು ಇಳಿಯತೊಡಗಿತು...

"ನಿನ್ನ ಕೈ ಹಿಡ್ಕೋತೀನಿ ಕಣೋ. ಭಯ ಆಗ್ತಿದೆ."

"ಹಿಡ್ಕೋ. ನಿಂತ ಮೇಲೂ ಬಿಡ್ಬೇಡ."

ಅಕ್ಕ ಗುಂಡಿ ಒತ್ತಿದರು.

ಪೆಟ್ಟಿಗೆಯನ್ನು ಮುಟ್ಟದೆ, ತೋಳು ನಿಂತಿತು.