ನಗಿಸುವ ಚಿಕ್ಕಪ್ಪ

"ಸಾಧ್ಯವೇ ಇಲ್ಲ! ಚಿಕ್ಕಪ್ಪ ಒಂದು ಇರುವೆಗೂ ಹೊಡೆಯಲ್ಲ!"

ಗಿರಗಿಟ್ಲೆ ಕೂಗಿದ ರಭಸಕ್ಕೆ ಕೈಯಲ್ಲಿದ್ದ ಚಮಚದಿಂದ ಕ್ರೀಮ್ ಹಾರಿ ಅಮ್ಮನ ಕನ್ನಡಕದ ಮೇಲೆ ಕೂತಿತು. ನಿಂತಲ್ಲಿ ನಿಲ್ಲದ ಈ ಹುಡುಗಿಗೆ ಆ ಅಡ್ಡಹೆಸರು ಇಟ್ಟಿದ್ದೂ ಚಿಕ್ಕಪ್ಪನೇ.

ಅಮ್ಮ ಕನ್ನಡಕ ತೆಗೆದು ಏಪ್ರನ್ನಿಗೆ ಒರೆಸಿದಳು. "ಮೆಲ್ಲಗೆ ಮಾತಾಡೇ. ಒಳಗೆ ಚಿಕ್ಕಮ್ಮ ಇದ್ದಾಳೆ."

ಚಿಕ್ಕಮ್ಮ ಅಂದರೆ ಅಮ್ಮನ ತಂಗಿ. ಹೋದ ವಾರ ಒಂದು ಬಟ್ಟೆ ಚೀಲ ಹಿಡಿದುಕೊಂಡು ಬಂದವಳು ಅಮ್ಮನ ಬೇಕರಿಯ ಮೇಲಿದ್ದ ಇವರ ಮನೆಯಲ್ಲೇ ಉಳಿದಿದ್ದಳು. ಇನ್ನು ಗಂಡನ ಮನೆಗೆ ಹೋಗುವುದಿಲ್ಲವಂತೆ. ಚಿಕ್ಕಪ್ಪ ಹೊಡೆಯುತ್ತಾರಂತೆ.

ಯಾವ ಚಿಕ್ಕಪ್ಪ? ಡ್ರೈವಿಂಗ್ ಸ್ಕೂಲಿನ ಚಿಕ್ಕಪ್ಪ! ಕಲಿಯಲು ಬಂದವರು ಕಾರನ್ನು ಗೋಡೆಗೆ ಗುದ್ದಿದರೂ "ನಿಮ್ಮ ತಪ್ಪಲ್ಲ ಬಿಡಿ, ಗೋಡೆ ಹಾರ್ನ್ ಮಾಡದೆ ಅಡ್ಡ ಬಂತು" ಅನ್ನುವ ಚಿಕ್ಕಪ್ಪ! ಅರ್ಧ ಬೀದಿಗೆ ಅವರೇ ಗುರು.

ಬ್ರೆಡ್ ಕೊಳ್ಳಲು ಬಂದ ಪಕ್ಕದ ಮನೆ ಆಂಟಿಗೂ ಅದೇ ಅನುಮಾನ. "ಎಂಥಾ ತಾಳ್ಮೆಯ ಮನುಷ್ಯ! ಒಂದು ವೇಳೆ ನಿಜವೇ ಆಗಿದ್ರೆ, ಇಷ್ಟು ವರ್ಷ ನಿನ್ನ ತಂಗಿ ಯಾಕೆ ಬಾಯಿ ಬಿಡ್ಲಿಲ್ಲ?"

"ಬ್ರೆಡ್ ಸ್ಲೈಸ್ ಮಾಡ್ಲಾ, ಹಾಗೇ ಕೊಡ್ಲಾ?" ಅಂದಳು ಅಮ್ಮ.

ಆಂಟಿ ಮತ್ತೆ ಬಾಯಿ ತೆರೆದರು. ಅಮ್ಮ ಸ್ಲೈಸ್ ಮೆಷಿನ್ ಆನ್ ಮಾಡಿದಳು. ಗರ್ರ್‌ರ್! ಆಂಟಿಯ ತುಟಿ ಅಲ್ಲಾಡಿದ್ದು ಕಂಡಿತೇ ಹೊರತು ಮಾತು ಯಾರಿಗೂ ಕೇಳಿಸಲಿಲ್ಲ.

ಗಿರಗಿಟ್ಲೆ ಒಳಗೆ ನುಗ್ಗಿದಳು. ಚಿಕ್ಕಮ್ಮ ಕೇಕಿನ ತಟ್ಟೆಗಳಿಗೆ ಬೆಣ್ಣೆ ಸವರುತ್ತಿದ್ದಳು. ಸುತ್ತಿ ಬಳಸಿ ಮಾತಾಡುವುದು ಗಿರಗಿಟ್ಲೆಗೆ ಗೊತ್ತೇ ಇಲ್ಲ.

"ರಜೆ ಬಂದಾಗೆಲ್ಲ ನಾನು ನಿಮ್ಮನೇಲೇ ಇರ್ತಿದ್ದೆ. ಚಿಕ್ಕಪ್ಪ ಒಂದಿನಾನೂ ನಿನ್ನನ್ನ ಬೈದಿದ್ದು ನೋಡಿಲ್ಲ."

"ಹೂಂ. ನೀನಿದ್ದಾಗ ಬೈತಿರ್ಲಿಲ್ಲ. ಹೊಡೀತಾನೂ ಇರ್ಲಿಲ್ಲ." ಚಿಕ್ಕಮ್ಮ ತಟ್ಟೆಯ ಮೂಲೆಗೆ ಬೆರಳಿಟ್ಟು ಬೆಣ್ಣೆ ಒತ್ತಿದಳು. "ಅದಕ್ಕೇ ನಿನ್ನ ರಜೆ ಬರೋದನ್ನೇ ಕಾಯ್ತಿದ್ದೆ."

ಗಿರಗಿಟ್ಲೆ ಮೊದಲ ಸಲ ಅಲ್ಲಾಡದೆ ನಿಂತಳು.

ರಜೆ ಮುಗಿದು ಹೊರಡುವ ದಿನ ಚಿಕ್ಕಮ್ಮ ಪ್ರತಿ ಸಲವೂ ಅವಳ ಚಪ್ಪಲಿ ಬಚ್ಚಿಡುತ್ತಿದ್ದಳು. "ಇನ್ನೊಂದೇ ಒಂದಿನ ಇರೇ" ಅನ್ನುತ್ತಿದ್ದಳು. ಗಿರಗಿಟ್ಲೆ ಅದನ್ನು ಆಟ ಅಂದುಕೊಂಡು ಮನೆಯೆಲ್ಲ ಹುಡುಕಿ ಹುಡುಕಿ ನಕ್ಕಿದ್ದಳು.

ಮರುದಿನ ಸಂಜೆ ಶಾಲೆಯ ಗೇಟಿನ ಹತ್ತಿರ ಡ್ರೈವಿಂಗ್ ಸ್ಕೂಲಿನ ಹಳದಿ ಕಾರು ನಿಂತಿತ್ತು.

"ಏನಮ್ಮಾ ಗಿರಗಿಟ್ಲೆ! ಇವತ್ತು ಗಾಳಿ ಯಾವ ಕಡೆಗೆ?" ಚಿಕ್ಕಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಅಬ್ಬಾ, ಎಷ್ಟು ದೊಡ್ಡ ಬ್ಯಾಗು! ಟೀಚರನ್ನೇ ತುಂಬ್ಕೊಂಡು ಬಂದ್ಯಾ?"

ಗಿರಗಿಟ್ಲೆ ಕಿಸಕ್ಕನೆ ನಕ್ಕಳು. ನಗುತ್ತಲೇ ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

"ಚಿಕ್ಕಮ್ಮ ಬೇಕರೀಲಿ ಒಬ್ಳೇ ಇರೋದು ಯಾವಾಗ ಹೇಳು ಪುಟ್ಟಾ. ಸುಮ್ನೆ ಮಾತಾಡ್ಬೇಕು, ಅಷ್ಟೇ. ಅಮ್ಮಂಗೆ ಹೇಳ್ಬೇಡ, ಸರ್‌ಪ್ರೈಸ್!"

ಗಿರಗಿಟ್ಲೆ ಬ್ಯಾಗಿನ ಪಟ್ಟಿ ಬಿಗಿಯಾಗಿ ಹಿಡಿದುಕೊಂಡಳು.

"ಏನೇನೋ ಹೇಳಿದ್ದಾಳೆ ಅಲ್ವಾ? ನೀನೇ ನೋಡು. ನಾನು ಹೊಡೆಯೋನ ಥರ ಕಾಣ್ತೀನಾ?"

ಅವಳು ನೋಡಿದಳು. ಅದೇ ಗುಳಿ ಬೀಳುವ ಕೆನ್ನೆ, ಅದೇ ನಗು.

"ಇಲ್ಲ, ಕಾಣಲ್ಲ," ಅಂದಳು. ಅದು ನಿಜವೇ ಆಗಿತ್ತು. "ಆದ್ರೂ ಹೇಳಲ್ಲ."

ಹೇಳಿದವಳೇ ತಿರುಗಿ ಓಟ ಕಿತ್ತಳು. ಬೇಕರಿ ಮುಟ್ಟುವವರೆಗೂ ಹಿಂದಕ್ಕೆ ನೋಡಲಿಲ್ಲ.

ಅಮ್ಮನಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು, ಸರ್‌ಪ್ರೈಸನ್ನೂ ಬಿಡದೆ. ಅಮ್ಮ ಅವಳನ್ನು ಬಿಗಿಯಾಗಿ ಅಪ್ಪಿಕೊಂಡಳು. ಏಪ್ರನ್ನಿನ ಹಿಟ್ಟೆಲ್ಲ ಯೂನಿಫಾರ್ಮಿಗೆ ಬಂತು.

"ಹೇಳಿದ್ದು ಒಳ್ಳೇದಾಯ್ತು ಕಣೇ. ನಾಳೆಯಿಂದ ಗೇಟಿಗೆ ನಾನೇ ಬರ್ತೀನಿ." ಆಮೇಲೆ ಅಮ್ಮ ಶಾಲೆಗೆ ಫೋನ್ ಮಾಡಿದಳು. ಅದಾದ ಮೇಲೆ ಚಿಕ್ಕಮ್ಮನ ವಕೀಲರಿಗೆ.

ಒಳಗೆ ಬಿಸ್ಕತ್ತಿನ ಹಿಟ್ಟು ಲಟ್ಟಿಸುತ್ತಿದ್ದ ಚಿಕ್ಕಮ್ಮನಿಗೆ ಎಲ್ಲ ಕೇಳಿಸಿತ್ತು.

"ಹೆದರಿಕೆ ಆಯ್ತಾ ಕಂದಾ?"

"ತುಂಬಾ. ಆದ್ರೆ..." ಗಿರಗಿಟ್ಲೆ ತಲೆ ತಗ್ಗಿಸಿದಳು. "ಅವರು ಜೋಕ್ ಮಾಡಿದ್ರು, ನಾನು ನಕ್ಕುಬಿಟ್ಟೆ. ಹೊಟ್ಟೆಯೊಳಗೆ ಹೆದರಿಕೆ, ಬಾಯಿ ಮಾತ್ರ ತಾನೇ ನಗ್ತಿತ್ತು. ಅದ್ಯಾಕೆ ಹಾಗೆ ಚಿಕ್ಕಮ್ಮಾ?"

ಲಟ್ಟಣಿಗೆ ನಿಂತಿತು.

"ನಂಗೂ ಹಾಗೇ ಆಗ್ತಿತ್ತು," ಅಂದಳು ಚಿಕ್ಕಮ್ಮ.

ಗಿರಗಿಟ್ಲೆ ಸ್ಟೂಲನ್ನು ಎಳೆದುಕೊಂಡು ಬಂದು, ಚಿಕ್ಕಮ್ಮನ ಮೊಣಕೈಗೆ ತನ್ನ ಮೊಣಕೈ ತಾಗುವ ಹಾಗೆ ಕೂತಳು.