ಚಾರ್ಜ್ ಆಗದ ಫೋನು, ಚಂದಿರಜ್ಜನ ದಾರ

ಬೋಚುನ್ ತನ್ನ ಫೋನನ್ನು ಮೂರನೆಯ ಸಲ ಫೋನ್ ರಿಪೇರಿಯವಳಾದ ನನ್ನ ಕೌಂಟರಿನ ಮೇಲೆ ಇಟ್ಟಾಗ ಮಧ್ಯಾಹ್ನ ಎರಡು ಗಂಟೆ. ತೈನಾನ್ ಊರಿನ ಬಿಸಿಲಿಗೆ ನಮ್ಮ ಓಣಿಯ ನಾಯಿಗಳೆಲ್ಲ ಸ್ಕೂಟರುಗಳ ನೆರಳು ಹುಡುಕಿಕೊಂಡು ಮಲಗಿದ್ದವು.

"ಮೇಸ್ತ್ರಿ, ಇದು ಮತ್ತೆ ಸತ್ತೋಯ್ತು," ಎಂದ.

"ಹೋದ ತಿಂಗಳು ತಾನೇ ಹೊಸ ಬ್ಯಾಟರಿ ಹಾಕಿದೀನಿ. ಕುದಿಯೋ ಗಂಜಿಯೊಳಗೆ ಅದ್ದಿದ್ರೋ ಹೇಗೆ?"

"ಅಯ್ಯೋ, ಇಲ್ಲ. ಮಲಗೋವಾಗ ಚಾರ್ಜಿಗೆ ಹಾಕ್ತೀನಿ, ಎದ್ದು ನೋಡಿದ್ರೆ ಹನ್ನೆರಡು ಪರ್ಸೆಂಟು. 'ಥೇಟ್ ನಿನ್ನ ಹಾಗೇ ಕಣೋ, ಎಷ್ಟು ಉಣ್ಣಿಸಿದ್ರೂ ಮೈಗೆ ಹತ್ತಲ್ಲ' ಅಂತಾಳೆ ನಮ್ಮಮ್ಮ."

ಹೀಗೆ ಹೇಳಿ ನಕ್ಕ. ನಕ್ಕರೆ ಅವನ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ, ಬಲಗೆನ್ನೆಯಲ್ಲಿ ಬೀಳುವುದಿಲ್ಲ. ನಾನು ಫೋನಿನ ಕಡೆ ನೋಡಿದೆ.

ಓಣಿಯ ತುದಿಯಲ್ಲಿ ಅವನದೂ ಅವನ ಅಮ್ಮನದೂ ಮೀನುಗಂಜಿಯ ಅಂಗಡಿ. ನಸುಕಿಗೇ ತೆರೆದು ಹನ್ನೆರಡಕ್ಕೆಲ್ಲ ಮುಚ್ಚುತ್ತಾರೆ. ಎರಡು ವರ್ಷದಿಂದ ದಿನಾ ಬೆಳಗ್ಗೆ ನನ್ನ ತಿಂಡಿ ಅಲ್ಲೇ. ಮೀನಿನ ಹೊಟ್ಟೆಭಾಗದ ತುಂಡು ನನ್ನ ಬಟ್ಟಲಿಗೆ ಯಾವಾಗಲೂ ಒಂದು ಹೆಚ್ಚು ಬೀಳುತ್ತದೆ. ಬಡಿಸುವವನು ಬೋಚುನ್. ಬೇಕೆಂದೇ ಹಾಕುತ್ತಾನೋ, ಸೌಟು ಜಾರುತ್ತದೋ ಎಂದು ಎಂದೂ ಕೇಳಿರಲಿಲ್ಲ. "ಎಲ್ರಿಗೂ ಹಾಗೇ ಹಾಕ್ತೀವಲ್ಲ" ಎಂದುಬಿಟ್ಟರೆ ಮರುದಿನದಿಂದ ನಾನು ಯಾವ ಮುಖ ಹೊತ್ತು ಅಲ್ಲಿಗೆ ಹೋಗಲಿ? ಅವನನ್ನು ನಾನು ಪ್ರೀತಿಸುತ್ತಿದ್ದೆ. ಸುತ್ತಿ ಬಳಸಿ ಹೇಳುವುದೇನಿದೆ. ಬಾಯಿ ಬಿಟ್ಟು ಗಂಜಿಯನ್ನೂ ಕಳೆದುಕೊಳ್ಳುವುದಕ್ಕಿಂತ ಬಾಯಿ ಮುಚ್ಚಿಕೊಂಡು ಗಂಜಿ ಕುಡಿಯುವುದೇ ಮೇಲು ಅಂದುಕೊಂಡಿದ್ದೆ.

"ಕೂತ್ಕೊಳ್ಳಿ, ನೋಡ್ತೀನಿ," ಎಂದೆ.

ಸೆಟ್ಟಿಂಗ್ಸ್ ತೆರೆದೆ. ಬ್ಯಾಟರಿಯ ಆರೋಗ್ಯ ನೂರಕ್ಕೆ ನೂರು. ಹಿಂದಿನಿಂದ ಯಾವ ಆ್ಯಪ್ ಚಾರ್ಜನ್ನು ಹೀರುತ್ತಿದೆ ಎಂದು ಹುಡುಕಿದೆ. ಮೀನು ಮಾರುಕಟ್ಟೆಯ ಗ್ರೂಪು, ಬೇಸ್‌ಬಾಲ್ ಸ್ಕೋರು, ಅಷ್ಟೇ. ಚಾರ್ಜರಿನ ನಡುವೆ ಮೀಟರ್ ಸಿಕ್ಕಿಸಿದರೆ ಮುಳ್ಳು ಒಮ್ಮೆ ಏರಿ ಒಮ್ಮೆ ಸೊನ್ನೆಗೆ ಬೀಳುತ್ತಿತ್ತು. ಬೇರೆ ಕೇಬಲ್ ಹಾಕಿದೆ, ಅದೇ ಕಥೆ. ಆಗ ಕಣ್ಣಿಗೆ ಬಿತ್ತು: ಕೇಬಲ್ಲು ಪೂರ್ತಿ ಒಳಗೆ ಹೋಗುತ್ತಿಲ್ಲ, ಒಂದು ಅಕ್ಕಿಕಾಳಿನಷ್ಟು ಹೊರಗೇ ನಿಲ್ಲುತ್ತಿದೆ.

ನನಗೆ ನಾಚಿಕೆಯಾಯಿತು. ಚಾರ್ಜ್ ಆಗದ ಫೋನು ಬಂದರೆ ಮೊದಲು ಟಾರ್ಚ್ ಹಾಕಿ ಚಾರ್ಜರ್ ಚುಚ್ಚುವ ತೂತು ನೋಡಬೇಕು. ಅದು ಈ ಕೆಲಸದ ಅಆಇಈ. ಬೇರೆ ಯಾರ ಫೋನಾದರೂ ನೋಡಿರುತ್ತಿದ್ದೆ. ಬೋಚುನ್ ಎದುರಿಗೆ ಕೂತರೆ ಅವನ ಎಡಗೆನ್ನೆಯನ್ನು ನೋಡದೆ ಇರುವುದೇ ನನಗೊಂದು ದೊಡ್ಡ ಕೆಲಸವಾಗಿ ಮಿಕ್ಕಿದ್ದೆಲ್ಲ ಮರೆತುಹೋಗುತ್ತದೆ. ಒಳ್ಳೆಯ ಬ್ಯಾಟರಿಯನ್ನು ಕಿತ್ತು ಇನ್ನೊಂದು ಹಾಕಿದ್ದೆ!

ಮರದ ಕಡ್ಡಿಯಿಂದ ಮೆಲ್ಲಗೆ ಕೆದಕಿದೆ. ಮೆಣಸಿನ ಪುಡಿ ಬಂತು, ಜೇಬಿನ ಧೂಳು ಬಂತು. ಆಮೇಲೆ ಚಿಮಟಕ್ಕೆ ಗಟ್ಟಿಯಾದದ್ದೇನೋ ಸಿಕ್ಕಿತು. ಎಳೆದೆ. ಒತ್ತಿ ಒತ್ತಿ ಉಂಡೆಯಾಗಿದ್ದ ಕೆಂಪು ದಾರ.

ಈ ಊರಿನಲ್ಲಿ ಹುಟ್ಟಿದವರಿಗೆ ಆ ಕೆಂಪು ಗುರುತಾಗದೆ ಇರದು. ಮದುವೆ ಕೂಡಿಸುವ ಚಂದಿರಜ್ಜನ ಗುಡಿಯಲ್ಲಿ ಕೊಡುವ ದಾರ ಅದು. ಕೇಳಿದವರಿಗೆಲ್ಲ ಸುಮ್ಮನೆ ಕೊಡುವುದಿಲ್ಲ. ಮನಸ್ಸಿನಲ್ಲಿರುವವರ ಹೆಸರು, ವಿಳಾಸ ಎಲ್ಲವನ್ನೂ ಅಜ್ಜನಿಗೆ ಹೇಳಿ, ಎರಡು ಮರದ ಬಿಲ್ಲೆಗಳನ್ನು ನೆಲಕ್ಕೆ ಎಸೆಯಬೇಕು. ಒಂದು ಅಂಗಾತ, ಒಂದು ಬೋರಲು ಬಿದ್ದರೆ ಒಪ್ಪಿಗೆ. ಆಗ ಮಾತ್ರ ದಾರ. ಅಂದರೆ ಬೋಚುನ್ ಹೋಗಿದ್ದಾನೆ, ಮಂಡಿಯೂರಿದ್ದಾನೆ, ಯಾರದೋ ಹೆಸರು ಹೇಳಿದ್ದಾನೆ.

ಅಳು ಬಂತು. ಸಿಟ್ಟೂ ಬಂತು. ಅಂಗಡಿಯಲ್ಲಿ ಕೂತು ಅಳಲಾಗದೆ ಸಿಟ್ಟನ್ನೇ ಇಟ್ಟುಕೊಂಡೆ.

"ತಗೊಳ್ಳಿ," ಎಂದು ಚಿಮಟವನ್ನು ಅವನ ಮೂಗಿನ ಹತ್ತಿರ ಹಿಡಿದೆ. "ಬಾಯಿಗೆ ದಾರ ತುರುಕಿದ್ರೆ ಅದು ಹೇಗೆ ಉಣ್ಣುತ್ತೆ? ಇನ್ಮೇಲೆ ದೇವರ ಪ್ರಸಾದ ಒಂದು ಜೇಬಲ್ಲಿ, ಫೋನು ಇನ್ನೊಂದು ಜೇಬಲ್ಲಿ."

ಅವನ ಕಿವಿಗಳು ಕೆಂಪಾದವು. ಮೊದಲು ತುದಿ, ಆಮೇಲೆ ಪೂರ್ತಿ.

"ಇದು ಕಳೆದೋಗಿದೆ ಅಂತ ನಾನು ಎಷ್ಟು ಖುಷಿಯಾಗಿದ್ದೆ ಗೊತ್ತಾ!" ಎಂದ. ಆ ದಾರ ತಾನಾಗಿ ಕಾಣೆಯಾದರೆ, ಅಜ್ಜ ಅದನ್ನು ಹಿಡಿದು ಆ ಇನ್ನೊಬ್ಬರ ಮನೆಗೆ ಹೊರಟ ಎಂದು ನಮ್ಮಲ್ಲಿ ನಂಬಿಕೆ.

"ಅಜ್ಜ ಎಲ್ಲೂ ಹೊರಟಿಲ್ಲ. ನಿಮ್ಮ ಚಡ್ಡಿ ಜೇಬಲ್ಲೇ ಇದ್ದ."

"ಹಾಗನ್ಬೇಡಿ, ಮೇಸ್ತ್ರಿ."

"ಹುಡುಗಿ ಯಾರು?" ಫೋನಿನ ಪಾಸ್‌ವರ್ಡ್ ಕೇಳುವ ದನಿಯಲ್ಲೇ ಕೇಳಿದೆ.

"ಹೇಳಿದ್ರೆ ಬೈತೀರಿ."

"ನಾನ್ಯಾಕೆ ಬೈಲಿ? ನನಗೂ ಅದಕ್ಕೂ ಏನು ಸಂಬಂಧ?"

"ಸಂಬಂಧ ಇದೆ. ನಿಮಗೆ ಚೆನ್ನಾಗಿ ಗೊತ್ತಿರೋರೇ."

ಮನಸ್ಸು ಓಣಿಯ ಮನೆ ಮನೆ ಹೊಕ್ಕಿತು. ಟೀ ಅಂಗಡಿಯ ಉದ್ದ ಜಡೆಯವಳೇ? ಔಷಧಿ ಅಂಗಡಿಯ ಹೊಸ ಹುಡುಗಿಯೇ? ಅವಳು ಗಂಜಿಗೆ ಬಂದಾಗಲೂ ಹೊಟ್ಟೆಭಾಗವೇ ಬೀಳುತ್ತಿತ್ತೇ?

"ಹೆಸರು ಹೇಳಿದ್ರೆ ಫೋನು ಕೊಡ್ತೀನಿ. ಇಲ್ದಿದ್ರೆ ಇಲ್ಲ."

ಬೋಚುನ್ ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಹೇಳಿದ. "ಸು ಯೂಲಾನ್."

ಸು ಯೂಲಾನ್ ನನ್ನ ಸೋದರತ್ತೆ. ವಯಸ್ಸು ಅರವತ್ತಮೂರು.

"ನಮ್ಮತ್ತೇನಾ?" ಎಂದೆ.

ಅವನು ಕಣ್ಣು ತೆರೆದ. "ಯಾವತ್ತೆ?"

"ಯೂಲಾನ್ ನಮ್ಮತ್ತೆ! ಈ ಅಂಗಡಿ ಅವರ ಹೆಸರಲ್ಲಿದೆ. ಮೇಲ್ಗಡೆ ಮನೇಲಿ ಇರ್ತಾರೆ, ದಿನಾ ಇಸ್ಪೀಟಾಟಕ್ಕೆ ಹೋಗ್ತಾರೆ. ಅವರನ್ನ ಕೇಳಿದ್ರಾ ನೀವು ಅಜ್ಜನ ಹತ್ರ?"

ಅವನು ತಡಬಡಿಸಿ ಪರ್ಸಿನಿಂದ ಒಂದು ಕಾಗದ ತೆಗೆದ. ಮೂರು ತಿಂಗಳ ಹಿಂದೆ ಅವನ ಫೋನಿಗೆ ಹೊಸ ಗಾಜು ಹಾಕಿದಾಗ ನಾನೇ ಕೊಟ್ಟ ವಾರಂಟಿ ಚೀಟಿ. ಕೆಳಗೆ ಕೆಂಪು ಮೊಹರು, ಸು ಯೂಲಾನ್. ಲೈಸೆನ್ಸು ಅತ್ತೆಯದಾದ್ದರಿಂದ ಎಲ್ಲ ಚೀಟಿಗೂ ನಾನು ಒತ್ತುವುದು ಅತ್ತೆಯ ಮೊಹರನ್ನೇ. ಓಣಿಯವರೆಲ್ಲ ನನ್ನನ್ನು ಮೇಸ್ತ್ರಿ ಎಂದೇ ಕರೆಯುತ್ತಾರೆ. ಅವನಿಗೆ ನನ್ನ ಹೆಸರು ತಿಳಿಯಲು ಬೇರೆ ದಾರಿಯೇ ಇರಲಿಲ್ಲ.

"ಇದು ನಿಮ್ಮ ಹೆಸರಲ್ವಾ?" ಎಂದ ಸಣ್ಣ ದನಿಯಲ್ಲಿ. "ಸ್ವಲ್ಪ ಹಳೇ ಕಾಲದ್ದು ಅನ್ನಿಸ್ತು. ಆದ್ರೆ ನೀವು ಬೈಯೋದು ನೋಡಿದ್ರೆ ಒಪ್ಪುತ್ತೆ ಅಂದ್ಕೊಂಡೆ. ಹೆಸರು, ಅಂಗಡಿ ವಿಳಾಸ ಎಲ್ಲ ಬಿಡಿಸಿ ಹೇಳ್ದೆ. ಮೊದಲ ಎಸೆತಕ್ಕೇ ಒಪ್ಪಿಗೆ ಬಿತ್ತು, ಮೇಸ್ತ್ರಿ!"

"ಯಾವಾಗ?"

"ಎರಡು ತಿಂಗಳಾಯ್ತು."

ಎರಡು ತಿಂಗಳಿಂದ ಅತ್ತೆ ತಲೆಗೆ ಬಣ್ಣ ಹಚ್ಚುತ್ತಿದ್ದಾರೆ. ಸಂಜೆಯಾದರೆ ನಿವೃತ್ತ ಬಸ್ ಡ್ರೈವರ್ ಒಬ್ಬರ ಜೊತೆ ಪಾರ್ಕಿನಲ್ಲಿ ಡ್ಯಾನ್ಸ್ ಕಲಿಯುತ್ತಾರೆ. ಈ ವಯಸ್ಸಿನಲ್ಲಿ ಇದೇನಪ್ಪ ಎಂದು ನಾನು ತಲೆ ಕೆಡಿಸಿಕೊಂಡಿದ್ದೆ. ಅದನ್ನು ಹೇಳಿದಾಗ ಬೋಚುನ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ನಾನು ನಗಲು ಶುರುಮಾಡಿದೆ. ಅವನೂ ನಕ್ಕ. ಹೊರಗಿನ ನಾಯಿಯೊಂದು ಎದ್ದು ನಮ್ಮ ಕಡೆ ನೋಡುವಷ್ಟು ನಕ್ಕೆವು.

ನಗು ನಿಂತ ಮೇಲೆ ಇಬ್ಬರಿಗೂ ಒಟ್ಟಿಗೇ ಹೊಳೆಯಿತು, ಅವನು ಏನು ಹೇಳಿಬಿಟ್ಟಿದ್ದಾನೆ ಎಂದು.

"ಹಾಗಾದ್ರೆ ನಿಮ್ಮ ಹೆಸರೇನು?" ಎಂದ.

ಸಾಮಾನ್ಯ ದಿನವಾಗಿದ್ದರೆ ಹೇಳಿಬಿಡುತ್ತಿದ್ದೆ. ಈಗ ಹೆಸರು ಹೇಳುವುದೆಂದರೆ ಬರೀ ಹೆಸರು ಹೇಳಿದಂತಲ್ಲ.

"ಯಾಕೆ ಬೇಕು?"

"ಅಜ್ಜನ ಹತ್ರ ಹೋಗಿ ತಪ್ಪು ಸರಿಮಾಡ್ಬೇಕು. ನಿಮಗೆ ಇಷ್ಟ ಇಲ್ಲ ಅಂದ್ರೆ ಹೇಳ್ಬೇಡಿ. ನಾನೇನೂ ಅಂದ್ಕೊಳ್ಳಲ್ಲ. ನಾಳೆಯೂ ತಿಂಡಿಗೆ ಬನ್ನಿ. ನಿಮ್ಮ ಬಟ್ಟಲಿಗೆ ಹೊಟ್ಟೆಭಾಗ ಹಾಕೋದು ಮಾತ್ರ ಬಿಡಲ್ಲ."

ಬೇಕೆಂದೇ ಹಾಕುತ್ತಿದ್ದ! ನಾನು ಎದ್ದು, 'ಊಟಕ್ಕೆ ಹೋಗಿದ್ದೇವೆ' ಎಂಬ ಬೋರ್ಡು ತಗುಲಿಸಿ ಶಟರ್ ಎಳೆದೆ.

"ಸ್ಕೂಟರ್ ತೆಗೀರಿ," ಎಂದೆ.

ದಾರಿಯುದ್ದಕ್ಕೂ ನನ್ನ ಹೆಲ್ಮೆಟ್ಟು ಅವನ ಹೆಲ್ಮೆಟ್ಟಿಗೆ ಢಿಕ್ಕಿ ಹೊಡೆಯುತ್ತಿತ್ತು. ಪ್ರತಿ ಸಲವೂ ಇಬ್ಬರೂ ಸಾರಿ ಅಂದೆವು.

ಗುಡಿಯಲ್ಲಿ ಬಿಳಿ ಗಡ್ಡದ ಅಜ್ಜನ ಮೂರ್ತಿ ಹರಕೆಯ ಮಿಠಾಯಿಗಳ ರಾಶಿಯ ಹಿಂದೆ ಕೂತಿತ್ತು. ಬೋಚುನ್ ಮಂಡಿಯೂರಿ, "ಅಜ್ಜ, ಹೆಸರು ತಪ್ಪಾಯ್ತು. ಹೊಟ್ಟೇಲಿ ಹಾಕ್ಕೋ. ಕೊಟ್ಟಿದ್ದನ್ನ ಅತ್ತೆಯಿಂದ ಮಾತ್ರ ವಾಪಸ್ ತಗೋಬೇಡ," ಎಂದು ಬಿಲ್ಲೆ ಎಸೆದ. ಎರಡೂ ಅಂಗಾತ ಬಿದ್ದವು. ಹಾಗೆ ಬಿದ್ದರೆ ದೇವರು ನಗುತ್ತಿದ್ದಾನೆ ಎಂದು ಲೆಕ್ಕ. ಮತ್ತೆ ಎಸೆದ. ಅಜ್ಜ ಮತ್ತೆ ನಕ್ಕ.

ದೀಪದೆಣ್ಣೆ ಹಾಕುತ್ತಿದ್ದ ಹೆಂಗಸು ತಿರುಗಿ ನೋಡಿದಳು. "ಏನಪ್ಪಾ, ಅಂಥಾದ್ದೇನು ಹೇಳ್ದೆ ಅಜ್ಜನಿಗೆ?"

ಬೋಚುನ್ ಪೆಚ್ಚಾಗಿ ನನ್ನ ಕಡೆ ನೋಡಿದ. ನಾನು ಅವನ ಕೈಯಿಂದ ಬಿಲ್ಲೆಗಳನ್ನು ತೆಗೆದುಕೊಂಡು ಪಕ್ಕದಲ್ಲೇ ಮಂಡಿಯೂರಿದೆ. ಮನಸ್ಸಿನಲ್ಲೇ ಹೇಳಿಕೊಳ್ಳಬಹುದಿತ್ತು, ಎಲ್ಲರೂ ಹಾಗೇ ಮಾಡುತ್ತಾರೆ. ಎರಡು ವರ್ಷ ಮನಸ್ಸಿನಲ್ಲೇ ಹೇಳಿಕೊಂಡದ್ದು ಸಾಕಾಗಿತ್ತು.

"ಅಜ್ಜ, ನಾನು ಸು ಪೇರೋಂಗ್," ಎಂದೆ ಗಟ್ಟಿಯಾಗಿ. ಹುಟ್ಟಿದ ವರ್ಷ, ತಿಂಗಳು, ದಿನ ಹೇಳಿದೆ. ಮನೆಯ ವಿಳಾಸ ಹೇಳಿದೆ, ಎಷ್ಟನೇ ಮಹಡಿ ಎಂದೂ ಹೇಳಿದೆ. "ಇವನು ಯಾಂಗ್ ಬೋಚುನ್. ಓಣಿ ತುದೀಲಿರೋ ಗಂಜಿ ಅಂಗಡಿಯವನು. ಬೇರೆ ಯಾರೂ ಬೇಡ. ನನಗೆ ಇವನೇ ಬೇಕು."

ಎಸೆದೆ. ಒಂದು ಬೋರಲು ಬಿತ್ತು. ಇನ್ನೊಂದು ಗಿರಗಿರ ತಿರುಗಿ ಅಂಗಾತ ನಿಂತಿತು.

ದೀಪದ ಹೆಂಗಸು ಏನೋ ಅಂದಳು, ಕೇಳಿಸಲಿಲ್ಲ. ಬೋಚುನ್ ಬಿಲ್ಲೆಗಳನ್ನು ನೋಡಲೇ ಇಲ್ಲ, ನನ್ನನ್ನೇ ನೋಡುತ್ತಿದ್ದ.

"ಪೇರೋಂಗ್," ಎಂದ, ಮೆಲ್ಲಗೆ, ಉಪ್ಪು ಸರಿಯಿದೆಯೇ ಎಂದು ರುಚಿ ನೋಡುವವನ ಹಾಗೆ.

ಈ ಸಲ ನಾನು ಅವನ ಎಡಗೆನ್ನೆಯಿಂದ ಕಣ್ಣು ತೆಗೆಯಲಿಲ್ಲ.

"ಕೇಳಿಸ್ಲಿಲ್ಲ," ಎಂದೆ. "ಇನ್ನೊಂದ್ಸಲ ಹೇಳು."