ಬೆಕ್ಕಿನ ತೊಟ್ಟಿಗೆ ಧೂಪ

ಪರದೆಯ ಹಿಂದೆ ಕೂತಿದ್ದ ಬೆಗಿಮಾಯ್‌ಳ ಎದೆ ಡವಡವ ಅನ್ನುತ್ತಿತ್ತು.

ಕಿರ್ಗಿಜ್ ಮದುವೆಯಲ್ಲಿ ಮದುಮಗಳನ್ನು ಕೂರಿಸುವ ಪರದೆ ಅದು. ಗಂಡ ಎಲ್ದಿಯಾರ್‌ನನ್ನು ಮದುವೆಗೆ ಮುಂಚೆ ಅವಳು ನೋಡಿದ್ದೇ ಅಪರೂಪ, ಅದೂ ಹಿರಿಯರ ಎದುರಿಗೆ. ಈಗ ಅವನ ಹೆಜ್ಜೆ ಸದ್ದು ಹತ್ತಿರ ಬಂತು. ಪರದೆ ಸರಿಯಿತು...

ಅಷ್ಟರಲ್ಲಿ ಅವನ ಕಾಲ ಸಂದಿಯಿಂದ ಬೂದು ಬೆಕ್ಕೊಂದು ನುಗ್ಗಿತು. ಅವಳಮ್ಮ ಹೊಲಿದುಕೊಟ್ಟ ಹೊಸ ಕೌದಿ ಮೇಲೆ ಕೂತು, ಉಚ್ಚೆ ಹೊಯ್ದೇಬಿಟ್ಟಿತು!

"ಬಾರ್ಸ್! ಏನೋ ಮಾಡ್ದೆ!" ಎಲ್ದಿಯಾರ್‌ನ ಮುಖ ಕೆಂಪಾಯಿತು. "ಬೇಜಾರು ಮಾಡ್ಕೋಬೇಡ... ನಮ್ಮಪ್ಪನ ಬೆಕ್ಕಿದು. ಅಪ್ಪ ಹೋದ್ಮೇಲೆ ನನ್ನ ಹಿಂದೆನೇ ಸುತ್ತತ್ತೆ."

ಬೆಗಿಮಾಯ್ ಕಿಸಕ್ಕನೆ ನಕ್ಕಳು. ಅವನೂ ನಕ್ಕ. ಗಂಡ ಹೆಂಡತಿಯ ಮೊದಲ ನಗು ಬೆಕ್ಕಿನ ಉಚ್ಚೆಯಿಂದ ಆಯಿತು ನೋಡಿ!

ಪರದೆಯಾಚೆ ಅತ್ತೆ ಬುರುಲ್ ಮಾತ್ರ ನಗಲಿಲ್ಲ. "ಇಷ್ಟು ವರ್ಷ ಹಾಸಿಗೆ ಮೇಲೆ ಒಂದು ಹನಿ ಹಾಕಿದ್ದಿಲ್ಲ. ಸೊಸೆ ಕಾಲಿಟ್ಟ ದಿನಾನೇ..." ಎಂದು ಯಾರಿಗೋ ಹೇಳಿದ್ದು ಕೇಳಿಸಿತು.

ಬೆಗಿಮಾಯ್ ಒದ್ದೆ ಕೌದಿಯನ್ನು ಸರಸರ ಮಡಚಿದಳು.

ಅಲ್ಲಿಂದ ಶುರುವಾಯಿತು ಭಯ. ಬಿಷ್ಕೆಕ್‌ನ ಆ ನಾಲ್ಕನೇ ಮಹಡಿಯ ಮನೆಯಲ್ಲಿ ಒಂದು ದಿನ ದಿಂಬು ಒದ್ದೆ, ಇನ್ನೊಂದು ದಿನ ನೆಂಟರಿಗೆಂದು ಪೇರಿಸಿಟ್ಟ ಹಾಸಿಗೆ ಒದ್ದೆ. ಬೆಕ್ಕಿನ ಉಚ್ಚೆಗೆಂದೇ ಬಚ್ಚಲುಮನೆಯಲ್ಲಿಟ್ಟ ಮರಳಿನ ತೊಟ್ಟಿಯ ಹತ್ತಿರವೂ ಬಾರ್ಸ್ ಸುಳಿಯುತ್ತಿರಲಿಲ್ಲ. ಅತ್ತೆ ಏಳುವ ಮೊದಲೇ ಬೆಗಿಮಾಯ್ ಎದ್ದು, ಸದ್ದಿಲ್ಲದೆ ಒಗೆದು ಹಾಕುತ್ತಿದ್ದಳು.

'ನನ್ನ ಕಾಲ್ಗುಣಾನೇ ಸರಿಯಿಲ್ವಾ? ತವರಿಗೆ ಕಳಿಸಿಬಿಟ್ರೆ...? ಇವರೂ ಬೇಡ ಅಂದುಬಿಟ್ರೆ...?'

"ಮನೆಗೆ ಕಣ್ಣು ಬಿದ್ದಿದೆ, ಆರ್ಚಾ ಸೊಪ್ಪಿನ ಹೊಗೆ ಹಾಕು ಮಗಳೇ" ಎಂದರು ಅತ್ತೆ.

ಕಣ್ಣು ಬಿದ್ದರೆ ಅಲ್ಲಿ ಎಲ್ಲರೂ ಹಾಕುವ ಹೊಗೆಯೇ ಅದು. ಆದರೆ ಹೆದರಿದವಳು ಮನೆಗಷ್ಟೇ ಹಾಕಿ ಸುಮ್ಮನಿದ್ದಾಳೆಯೇ? ಮರಳಿನ ತೊಟ್ಟಿಗೇ ಹಾಕಿದಳು! ಬೆಳಿಗ್ಗೆ ಸಂಜೆ ಕೆಂಡದ ಬಟ್ಟಲು ಹಿಡಿದು, "ಅಲಾಸ್, ಅಲಾಸ್... ಕೆಟ್ಟದ್ದೆಲ್ಲ ತೊಲಗಲಿ" ಅನ್ನುತ್ತಾ ತೊಟ್ಟಿಯ ಸುತ್ತ ಹೊಗೆ ಎಬ್ಬಿಸಿದಳು. ಬೆಕ್ಕು ಇನ್ನಷ್ಟು ದೂರ ಹೋಯಿತು. ಇವಳು ಇನ್ನಷ್ಟು ಹೊಗೆ ಹಾಕಿದಳು.

ಒಂದು ಸಂಜೆ ಎಲ್ದಿಯಾರ್ ಬಾಗಿಲಲ್ಲಿ ನಿಂತು ನೋಡಿದ. ಹೊಗೆ ತುಂಬಿದ ಬಚ್ಚಲುಮನೆ, ಮೂಲೆಯಲ್ಲಿ ಮುದುರಿಕೊಂಡ ಬಾರ್ಸ್.

"ಅಪ್ಪನ ಬೆಕ್ಕು ಬೇಡ್ವಾ ನಿಂಗೆ? ನೇರವಾಗಿ ಹೇಳು! ಹೀಗೆ ಹೊಗೆ ಹಾಕಿ ಓಡಿಸ್ಬೇಕಾ?"

ಅವಳು ಕೆಂಡದ ಬಟ್ಟಲಿಗೆ ನೀರು ಸುರಿದಳು. ದೋಷ ಕಳೀಲಿ ಅಂತ ಹಾಕಿದೆ ಅಂದರೆ, ದೋಷ ತನ್ನದೇ ಎಂದು ಒಪ್ಪಿಕೊಂಡಂತಲ್ಲವೇ!

ಅಂದಿನಿಂದ ಅವನು ಮಾತು ಬಿಟ್ಟ.

ಎರಡು ದಿನದ ಮೇಲೆ ಅತ್ತೆ ಬಜಾರಿಗೆ, ಅವನು ರೊಟ್ಟಿ ಅಂಗಡಿಯ ಒಲೆ ಕೆಲಸಕ್ಕೆ ಹೋಗಿದ್ದಾಗ, ಬಾರ್ಸ್ ಕೈತೊಳೆಯುವ ಬೋಗುಣಿಯಲ್ಲಿ ಕೂತು ಕೂಗುತ್ತಿತ್ತು. ತಿಣುಕಿದರೂ ಉಚ್ಚೆ ಬರುತ್ತಿಲ್ಲ. ಕೊನೆಗೆ ಬಂದದ್ದು ಒಂದೇ ಹನಿ... ಕೆಂಪು!

"ಅಯ್ಯೋ, ರಕ್ತ!"

ಗಂಡನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ತಲೆಗೆ ಕಟ್ಟಿದ್ದ ಬಿಳಿ ವಸ್ತ್ರ ಬಿಚ್ಚಿ ಬೆಕ್ಕನ್ನು ಸುತ್ತಿ, ಎದೆಗವಚಿ ಮೆಟ್ಟಿಲಿಳಿದು ಓಡಿದಳು. ಹೊಸ ಸೊಸೆ, ಬರಿತಲೆಯಲ್ಲಿ ಬೀದಿಗೆ!

"ಅಯ್ಯೋ, ಬುರುಲ್ ಸೊಸೆ ಅಲ್ವೇನೇ! ತಲೆ ಮೇಲೆ ಬಟ್ಟೆನೇ ಇಲ್ಲ!" ಕೆಳಗಿನ ಬೆಂಚಿನ ಹೆಂಗಸರು ಬಾಯಿಗೆ ಕೈ ಇಟ್ಟುಕೊಂಡರು.

ಕೇಳಿಸಿತು. ನಿಲ್ಲಲಿಲ್ಲ.

"ಉಚ್ಚೆ ದಾರಿ ಕಟ್ಟಿಕೊಂಡಿದೆ" ಎಂದರು ಪಶುವೈದ್ಯೆ, ಹೊಟ್ಟೆ ಮುಟ್ಟಿ ನೋಡಿ. "ಇನ್ನೂ ತಡ ಆಗಿದ್ರೆ ಉಳೀತಿರ್ಲಿಲ್ಲ."

ಬೆಕ್ಕನ್ನು ಒಳಗೆ ಒಯ್ದರು, ಬಾಗಿಲು ಮುಚ್ಚಿತು. 'ಉಳೀಲಿ ದೇವರೇ... ಅವರ ಅಪ್ಪನ ನೆನಪು ನನ್ನ ಕೈಯಲ್ಲೇ ಹೋಗ್ಬಾರ್ದು...'

ಎಲ್ದಿಯಾರ್ ಓಡಿಬಂದ. ಕೈತುಂಬ ಹಿಟ್ಟು ಹಾಗೇ ಇತ್ತು. ಬೆಂಚಿನವರು ಅತ್ತೆಗೆ, ಅತ್ತೆ ಅವನಿಗೆ ಸುದ್ದಿ ಮುಟ್ಟಿಸಿದ್ದರು. ಬರಿತಲೆಯಲ್ಲಿ ಗಡಗಡ ನಡುಗುತ್ತಿದ್ದ ಹೆಂಡತಿಯನ್ನು ನೋಡಿ, ಅವಳ ಹತ್ತಿರ ಬಂದು ನಿಂತ.

ಕೊನೆಗೂ ವೈದ್ಯೆ ಹೊರಬಂದರು. "ಬದುಕ್ಕೊಂಡ. ಪಾಪ, ತೊಟ್ಟಿಗೆ ಹೋದಾಗೆಲ್ಲ ಉರಿ. ತೊಟ್ಟಿನೇ ಕಚ್ಚತ್ತೆ ಅಂದ್ಕೊಂಡು ಮೆತ್ತಗಿರೋ ಜಾಗ ಹುಡುಕಿದ್ದಾನೆ. ಮೈಮೇಲೆ ಹೊಗೆ ವಾಸನೆ ಬೇರೆ! ಅದನ್ನ ನಿಲ್ಸಿ. ಹೊಸ ತೊಟ್ಟಿ ತನ್ನಿ, ಸದ್ದಿಲ್ಲದ ಮೂಲೇಲಿಡಿ, ದಿನಾ ಮರಳು ಶುಚಿ ಮಾಡಿ, ನೀರು ಚೆನ್ನಾಗಿ ಕುಡಿಸಿ."

"ಹಾಗಾದ್ರೆ..." ಬೆಗಿಮಾಯ್‌ಳ ದನಿ ಒಡೆಯಿತು. "ನನ್ನ ಕಾಲ್ಗುಣ ಅಲ್ವಾ ಡಾಕ್ಟ್ರೇ?"

ವೈದ್ಯೆ ಎಲ್ದಿಯಾರ್‌ನನ್ನು ದುರುಗುಟ್ಟಿ ನೋಡಿ ಒಳಗೆ ಹೋದರು.

"ಕಾಲ್ಗುಣಾನಾ?" ಅವನು ಅವಳೆದುರು ಕುಸಿದು ಕೂತ. "ಅದಕ್ಕಾ ಹೊಗೆ ಹಾಕಿದ್ದು?"

"ನನ್ನ ವಾಪಸ್ ಕಳಿಸ್ತೀರೇನೋ ಅಂತ ಹೆದ್ರಿಕೆ... ಹಾಸಿಗೆ ಒದ್ದೆಯಾದಾಗೆಲ್ಲ ಜೀವ ಬಾಯಿಗೆ ಬರ್ತಿತ್ತು."

"ನಾನೆಂಥ ಪೆದ್ದ! ನಿಂಗೆ ನಾನೇ ಇಷ್ಟ ಇಲ್ಲ ಅಂದ್ಕೊಂಡು ಒಲೆ ಮುಂದೆ ನಿಂತು ಅಳ್ತಿದ್ದೆ ಕಣೇ. ರೊಟ್ಟಿ ಬೇರೆ ಸೀಯಿಸ್ತಿದ್ದೆ!"

ಅಳುತ್ತಲೇ ನಕ್ಕಳು.

"ಅತ್ತೆ ಏನಂದ್ರು?"

"'ಬೆಳಿಗ್ಗೆಯಿಂದ ಅವ್ಳು ಏನೂ ತಿಂದಿಲ್ಲ, ಮೊದ್ಲು ಏನಾದ್ರೂ ತಿನ್ನಿಸು' ಅಂದ್ರು. ಬೆಕ್ಕಿನ ವಿಷಯ ಆಮೇಲೆ ಕೇಳಿದ್ದು." ಹಿಟ್ಟಿನ ಕೈಯಲ್ಲೇ ಅವಳ ಕಣ್ಣೊರೆಸಿದ. ಕೆನ್ನೆ ಬೆಳ್ಳಗಾಯಿತು. "ಇನ್ಮೇಲೆ ಭಯ ಆದ್ರೆ ಒಬ್ಳೇ ನಡುಗ್ಬೇಡ. ಹೆಸ್ರು ಹಿಡಿದು ಕೂಗು ನನ್ನ."

"ಥೂ... ಗಂಡನ ಹೆಸ್ರು ಹೇಗೆ ಹೇಳ್ಲಿ?"

"ಇಲ್ಲಿ ಯಾರಿದ್ದಾರೆ? ಹೇಳು."

ಸುತ್ತ ನೋಡಿದಳು. ಅವನ ಕಿವಿಯ ಹತ್ತಿರ ಬಂದು ಮೆಲ್ಲಗೆ ಉಸುರಿದಳು.

"ಎಲ್ದಿಯಾರ್... ಭಯ ಆಗ್ತಿದೆ."

"ಈಗ್ಯಾಕೆ?"

"ನೀವು ಇಷ್ಟು ಹತ್ರ ಇದೀರಲ್ಲ... ಅದಕ್ಕೆ."